ದ್ರೌಪತಿ ವಾಪಸ್ ಕೇಳಿದ ಹೂಂ

ಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಧೂಳಮ್ಮ ಎಂಬ ಮುದುಕಿ ಇದ್ದಳು. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತರೆ ಅವಳ ಬಾಯಿಂದ ಕಥೆ ತಾನಾಗಿಯೇ ಹೊರಡುತ್ತಿತ್ತು. ಹಗಲು ಕಥೆ ಹೇಳಿದರೆ ಸೋದರಮಾವ ಹಾದಿ ತಪ್ಪುತ್ತಾನೆ ಎಂದು ಯಾರಾದರೂ ತಡೆದರೆ, "ನಿಮ್ಮ ಮಾವ ಸೇಂದಿ ಅಂಗಡಿ ಹಾದಿ ಬಿಟ್ಟು ಬ್ಯಾರೆ ಹಾದಿ ಕಂಡಾನೇನು? ತಪ್ಪಿದ್ರ ಚಲೋನೇ ಆತು" ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ, ಕೇಳುವವರು ಹೂಂ ಎನ್ನಬೇಕು. ಹೂಂ ನಿಂತಿತೆಂದರೆ ಕಥೆಯೂ ಅಲ್ಲೇ ನಿಂತಿತು. ರಾಜಕುಮಾರ ಕುದುರೆಯ ರಿಕಾಪಿಗೆ ಒಂದು ಕಾಲು ಕೊಟ್ಟವನು ಹಾಗೆಯೇ ತೂಗಾಡುತ್ತಿರಬೇಕಾಗುತ್ತಿತ್ತು.

ಆ ಹೂಂ ಎನ್ನುವ ಕೆಲಸ ಮೊಮ್ಮಗಳು ದ್ರೌಪತಿಯದು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ. ತನ್ನ ಹೆಸರು ಬರೆಯುವುದನ್ನು ಮಾತ್ರ ಗಟ್ಟಿಯಾಗಿ ಕಲಿತಿದ್ದಳು. "ದ್ರೌ ಅನ್ನೋ ಅಕ್ಷರ ಬರೆದಾಕಿಗೆ ಬ್ಯಾರೆ ಯಾವ ಅಕ್ಷರಾನೂ ಕಠಿಣ ಅಲ್ಲ" ಎಂದು ಮಾಸ್ತರರು ಅಂದಿದ್ದರು. ಆದರೆ ಬೇರೆ ಅಕ್ಷರ ಕಲಿಯುವ ಹೊತ್ತಿಗೆ ಅವಳ ಕೈಗೆ ಕಸ ತೆಗೆಯುವ ಕುರ್ಪಿ ಬಂದಿತ್ತು. ಕಥೆ ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ಹಿಡಿಯುತ್ತದೆ ಎಂಬುದು ಮಾತ್ರ ಅವಳ ಕಿವಿಗೆ ಹತ್ತಿ ಹೋಗಿತ್ತು. ಸರಿಯಾದ ಜಾಗದಲ್ಲಿ ಒಂದು ಹೂಂ. ಅಷ್ಟೇ.

ಹುಮನಾಬಾದ ತಾಲೂಕಿನ ಕಲ್ಲವಾಡಿಯ ದೇವಿಂದ್ರಪ್ಪನನ್ನು ಮದುವೆಯಾಗಿ ಬಂದ ಮೇಲೆ ಆ ಗುಣ ಅವಳಿಗೆ ಹೆಸರೇ ಆಯಿತು. ಉದ್ದಿನ ಹೊಲದಲ್ಲಿ ಕಸ ತೆಗೆಯಲು ಹೋದರೆ ಹೆಂಗಸರು ಅವಳ ಪಕ್ಕದ ಸಾಲಿಗೆ ಜಗಳಾಡುತ್ತಿದ್ದರು. ಸೊಸೆಯೊಬ್ಬಳು ಬಂದು, "ಅಕ್ಕಾ, ನಮ್ಮತ್ತಿ ಹೆಣ್ಣಲ್ಲ, ಹೆಬ್ಬುಲಿ" ಎಂದರೆ ದ್ರೌಪತಿ ಹೂಂ ಅನ್ನುತ್ತಿದ್ದಳು. ಮರುದಿನ ಅದೇ ಅತ್ತೆ ಬಂದು, "ಸೊಸಿ ಅಲ್ಲವ್ವ ಅಕಿ, ಮನಿ ಹೊಕ್ಕ ಹಾವು" ಎಂದರೂ ಹೂಂ. ಇಬ್ಬರೂ ಹಗುರಾಗಿ ಮನೆಗೆ ಹೋಗುತ್ತಿದ್ದರು. ನೀನು ಯಾರ ಕಡೆ ಎಂದು ಅವಳನ್ನು ಯಾರೂ ಕೇಳಿದವರಲ್ಲ. ದ್ರೌಪತಿಯ ಹೂಂ ಎಂದರೆ ಕೇಳುತ್ತಿದ್ದೇನೆ ಎಂದಷ್ಟೇ ಅರ್ಥ, ನೀನು ಹೇಳಿದ್ದು ಖರೆ ಎಂದಲ್ಲ. ಇದು ಕಲ್ಲವಾಡಿಯ ಕೂಸಿಗೂ ಗೊತ್ತಿತ್ತು.

ದೇವಿಂದ್ರಪ್ಪ ತೀರಿಕೊಂಡ. ಮಗಳು ಸರಿತಾಳನ್ನು ಕಲ್ಯಾಣಕ್ಕೇ ಕೊಟ್ಟದ್ದಾಯಿತು. ದ್ರೌಪತಿಗೆ ಅರವತ್ತು ದಾಟಿತು. ಬಾಬಾಸಾಹೇಬರ ಫೋಟೋ ಒಂದು, ಕೋಳಿ ನಾಲ್ಕು, ಕೂಲಿಗೆ ಹೋದರೆ ಜೊತೆಗೆ ಹಜಿರಾ ಬೀ. ಹೀಗೆ ನಡೆದಿತ್ತು ಬಾಳು.

ಆಗ ಪಂಚಾಯತಿಗೆ ಗುರುನಾಥ ಅಧ್ಯಕ್ಷನಾದ. ದೊಡ್ಡ ಹೊಲದ ಮನೆಯವನು, ಲಲಿತಾಬಾಯಿಯ ಮಗ. ಕೆಟ್ಟವನೆಂದು ಅವನನ್ನು ಕರೆಯಲಾಗದು. ಮೊದಲ ವರ್ಷದಲ್ಲೇ ದಲಿತರ ಕೇರಿಯವರೆಗೂ ಗಟಾರ ಕಟ್ಟಿಸಿದ, ಕತ್ತಲಾಗಿದ್ದ ಮೂರು ಕಂಬಗಳಿಗೆ ದೀಪ ಹಾಕಿಸಿದ. ಜನ ಹೊಗಳಿದರು. ಹೊಗಳಿಕೆ ಕೇಳಿ ಕೇಳಿ ಅವನಿಗೆ ಬೇರೆ ಮಾತು ಕೇಳುವುದು ಭಾರವಾಗತೊಡಗಿತು. ಮೆಂಬರರು ಪ್ರಶ್ನೆ ಕೇಳಿದರೆ, "ಕೆಲಸ ಮಾಡವ ನಾನು, ಕೊಂಕು ತೆಗೆಯವ್ರು ನೀವು" ಎನ್ನುತ್ತಿದ್ದ. ಬರಬರುತ್ತ ಮೆಂಬರರೂ ಸುಮ್ಮನಾದರು.

ಉಳಿದದ್ದು ಗ್ರಾಮಸಭೆ ಒಂದೇ. ಆರು ತಿಂಗಳಿಗೊಮ್ಮೆ ಊರೆಲ್ಲ ಶಾಲೆಯ ಅಂಗಳದಲ್ಲಿ ಕೂಡಿ, ಮನೆ ಯಾರಿಗೆ, ನಳ ಎಲ್ಲಿಗೆ ಎಂದು ಗದ್ದಲ ಮಾಡಿ ತೀರ್ಮಾನಿಸುವ ಸಭೆ. ಆ ವರ್ಷದ ಸಭೆಯಲ್ಲಿ ಶಾಮಿಯಾನ ಹಾಕಿಸಿದ್ದರು, ಚುರುಮುರಿಯ ಸುಸಲಾ ಮತ್ತು ಚಹಾ ಇತ್ತು. ದ್ರೌಪತಿ ಹಜಿರಾ ಬೀ ಜೊತೆ ಎದುರು ಸಾಲಿನಲ್ಲೇ ಕೂತಳು. ಗುರುನಾಥ ಮೈಕು ಹಿಡಿದ. ಚಿಕ್ಕಂದಿನಿಂದಲೂ ಕಥೆ ಹೇಳುವ ಗಂಟಲು ಅವನದು.

"ಒಂದೂರಾಗ ಬಾವಿ ತೋಡಬೇಕಾಗಿತ್ತು ಅನ್ಕೋರಿ" ಎಂದ.

"ಹೂಂ" ಎಂದಳು ದ್ರೌಪತಿ. ಅವಳ ಹಿಂದೆ ನಾಲ್ಕಾರು ಹೆಂಗಸರೂ ಹೂಂ ಎಂದರು.

"ಹತ್ತು ಮಂದಿ ಹತ್ತು ಜಾಗ ತೋರಿಸಿದ್ರು. ಹತ್ತು ವರ್ಷ ಆದ್ರೂ ಜಗಳ ಹರೀಲಿಲ್ಲ, ನೀರು ಬರಲಿಲ್ಲ."

"ಹೂಂ."

"ಕಡೀಕ ಒಬ್ಬ ಗಂಡಸು ಗುದ್ದಲಿ ಹಿಡದ. ಯಾರ ಮಾತೂ ಕೇಳಲಿಲ್ಲ. ಮೂರೇ ದಿನದಾಗ ನೀರು."

"ಹೂಂ."

"ಅದಕ್ಕ ಇನ್ನ ಮುಂದ ಮನಿ ಯಾರಿಗೆ, ನಳ ಎಲ್ಲಿ, ಊರ ಜಾಗ ಯಾರಿಗೆ, ಎಲ್ಲಾ ಅಧ್ಯಕ್ಷರೇ ನೋಡ್ಕೊಳ್ಳಲಿ. ಅಧ್ಯಕ್ಷರಿಗೆ ಬೇಕನಸಿದಾಗ ಅಷ್ಟೇ ಸಭಾ ಕರೀಲಿ. ನಿಮಗೂ ಕೂಲಿ ಬಿಟ್ಟು ಬರೋ ತ್ರಾಸ ತಪ್ತದ."

ಕಥೆಯ ಓಟದಲ್ಲಿ ದ್ರೌಪತಿಯ ಬಾಯಿಂದ ಇನ್ನೊಂದು ಹೂಂ ಹೊರಟುಹೋಯಿತು. ಗುರುನಾಥ ಪಕ್ಕದಲ್ಲಿದ್ದ ಕಾರ್ಯದರ್ಶಿಯ ಕಡೆ ತಿರುಗಿ, "ಎಲ್ಲಾರೂ ಹೂಂ ಅಂದಾರ. ಠರಾವು ಬರಕೋರಿ" ಎಂದ. ಚಹಾ ಬಂತು. ಹಾಜರಿಗೆಂದು ಪುಸ್ತಕ ಬಂತು. ಹಿಂದಿನವರು ಹೆಬ್ಬೆಟ್ಟು ಒತ್ತುತ್ತಿರುವಾಗ ದ್ರೌಪತಿ ಪೆನ್ನು ಕೇಳಿ ಪಡೆದು, ದ್ರೌ ಅಕ್ಷರವನ್ನು ತಿದ್ದಿ ತೀಡಿ ಬರೆದಳು.

ಎರಡು ತಿಂಗಳು ಕಳೆದಿರಬೇಕು. ಆ ಠರಾವಿಗೂ ಹಿಂದಿನ ಸಭೆಯಲ್ಲಿ ಊರೇ ಕೂಡಿ ಹಜಿರಾ ಬೀಗೆ ಒಂದು ಸರಕಾರಿ ಮನೆ ಎಂದು ಆರಿಸಿತ್ತು. ತಗಡಿನ ಕೆಳಗೆ, ಮೊಣಕಾಲುಮಟ್ಟದ ಮಣ್ಣಿನ ಗೋಡೆಯಲ್ಲಿ ಇದ್ದವಳು. ಪಂಚಾಯತಿಯ ಗೋಡೆಗೆ ಹೊಸ ಪಟ್ಟಿ ಹಚ್ಚಿದಾಗ ಅವಳ ಹೆಸರಿನ ಜಾಗದಲ್ಲಿ ಗುರುನಾಥನ ಟ್ರ್ಯಾಕ್ಟರು ಹೊಡೆಯುವವನ ತಮ್ಮನ ಹೆಸರಿತ್ತು. ಇಬ್ಬರೂ ಪಂಚಾಯತಿಗೆ ಹೋದರು.

"ಪಟ್ಟಿ ಬದಲಿ ಮಾಡೂ ಅಖ್ತಿಯಾರ್ ನಿಮಗ ಯಾರು ಕೊಟ್ರು ಅಧ್ಯಕ್ಷರ?" ಎಂದು ಹಜಿರಾ ಬೀ ಕೇಳಿದಳು.

"ನೀವೇ ಕೊಟ್ಟೀರಿ" ಎಂದ ಗುರುನಾಥ. ಸಿಟ್ಟಿರಲಿಲ್ಲ ಅವನಿಗೆ, ನಗುತ್ತಿದ್ದ. ಕಾರ್ಯದರ್ಶಿಗೆ ಹೇಳಿ ಠರಾವು ಪುಸ್ತಕ ಓದಿಸಿದ. ಸಭೆಯ ಎಲ್ಲ ಅಧಿಕಾರವನ್ನು ಅಧ್ಯಕ್ಷರಿಗೆ ಒಪ್ಪಿಸಲಾಗಿದೆ ಎಂದು ಬರೆದಿತ್ತು. ಕೆಳಗೆ, ಅನುಮೋದಿಸಿದವರು: ದ್ರೌಪತಿ ಗಂಡ ದೇವಿಂದ್ರಪ್ಪ.

"ಅಂದ್ರ ಏನ್ರಿ?" ಎಂದಳು ದ್ರೌಪತಿ.

"ಅಂದ್ರ ಎಲ್ಲಾರಿಗಿಂತ ಮೊದಲು ಒಪ್ಪಿದಾಕಿ ನೀನು ಅಂತ. ನಿನ್ನ ಹೂಂ ಎಲ್ಲಾರಿಗಿಂತ ಜೋರಿತ್ತಲ್ಲ ದ್ರೌಪತವ್ವ."

ಹಜಿರಾ ಬೀ ಬೈಯಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಅಕ್ಕಾ, ನೀನಾ?" ಎಂದಳು ಅಷ್ಟೇ. ಇಪ್ಪತ್ತು ವರ್ಷ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದವಳು ಮರುದಿನ ಕಸ ತೆಗೆಯಲು ಬೇರೆ ಸಾಲು ಹಿಡಿದಳು.

ಆ ದಿನ ದ್ರೌಪತಿಗೆ ಉದ್ದಿನ ಗಿಡವೂ ಕಾಣಲಿಲ್ಲ, ಕಸವೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಕೇಡು ಮಾಡದೆ ಹಂಚಿದ ಒಂದೇ ಒಂದು ವಸ್ತು ಅವಳ ಹೂಂ. ಅದನ್ನು ಒಬ್ಬನು ಎತ್ತಿಕೊಂಡು ಹೋಗಿ ಊರ ಬಾಯಿಗೆ ಬೀಗ ಮಾಡಿಕೊಂಡಿದ್ದ. ಮಧ್ಯಾಹ್ನಕ್ಕೇ ಕುರ್ಪಿ ಬದುವಿನ ಮೇಲಿಟ್ಟು ಹುಮನಾಬಾದಿನ ಬಸ್ಸು ಹತ್ತಿದಳು.

ತಾಲೂಕು ಪಂಚಾಯತಿಯಲ್ಲಿ ಮಯೂರಿ ಎಂಬ ಅಧಿಕಾರಿ ಇದ್ದಳು, ಮಗಳ ವಯಸ್ಸಿನವಳು. ಕಾಗದಗಳ ರಾಶಿಯ ಮೇಲಿಂದ ತಲೆ ಎತ್ತಿ, "ಏನಾಗಬೇಕಿತ್ತಮ್ಮ?" ಎಂದಳು.

"ನನ್ನ ಹೂಂ ವಾಪಸ್ ಬೇಕ್ರಿ."

ಮಯೂರಿ ಪೆನ್ನು ಕೆಳಗಿಟ್ಟಳು. "ಏನು?"

"ಹೂಂ ರೀ. ನಮ್ಮೂರ ಅಧ್ಯಕ್ಷರು ಬರಕೊಂಡಾರ. ನಾ ಕೇಳೂ ಹೂಂ ಅಂದಿದ್ದೆ. ಅವರು ಒಪ್ಪೂ ಹೂಂ ಮಾಡ್ಯಾರ."

ಪಕ್ಕದ ಮೇಜಿನ ಗುಮಾಸ್ತ, "ಮೇಡಂ, ಹೂಂ ವಾಪಸಿಗೆ ಯಾವ ಫಾರಂ ಕೊಡಲಿ?" ಎಂದು ನಕ್ಕ. ಮಯೂರಿ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದಳು. ದ್ರೌಪತಿ ಬಾವಿಯ ಕಥೆಯಿಂದ ಹಿಡಿದು ಎಲ್ಲ ಹೇಳಿದಳು. ಅರ್ಧ ಹೇಳುವಷ್ಟರಲ್ಲಿ ಆ ಹುಡುಗಿ ತನಗರಿವಿಲ್ಲದೆ ಹೂಂ, ಹೂಂ ಎನ್ನತೊಡಗಿದ್ದಳು.

"ನೋಡ್ರಿ ಮೇಡಂ. ಈಗ ನೀವೂ ಹೂಂ ಅಂದ್ರಿ. ನನ್ನ ಮಾತೆಲ್ಲ ಖರೇ ಅಂತ ಸಹಿ ಹಾಕಿದಂಗ ಆತೇನು?"

ಗುಮಾಸ್ತನ ನಗು ಅಲ್ಲಿಗೆ ನಿಂತಿತು. ಮಯೂರಿ ತಾಳ್ಮೆಯಿಂದ ಹೇಳಿದಳು. ಸಭೆಯ ಅಧಿಕಾರ ಅಧ್ಯಕ್ಷರಿಗೆ ದಾನ ಕೊಡುವಂಥದ್ದೇ ಅಲ್ಲ, ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ತಾನೂ ವರದಿ ಬರೆಯುತ್ತೇನೆ. "ಆದ್ರ ಅಮ್ಮ, ನಾವು ಇಲ್ಲಿಂದ ಬರದ್ರ ವರ್ಷ ಹಿಡೀತದ. ಇವತ್ತು ನಾವು ಅಳಿಸಿದ್ರ ನಾಳೆ ಅವರು ಮತ್ತೊಂದು ಹೂಂ ಬರಕೋತಾರ. ಸಭಾ ಬರದಿದ್ದನ್ನ ಸಭಾನೇ ಅಳಿಸಿದ್ರ ಗಟ್ಟಿ. ಊರಾಗ ಹತ್ತು ಮಂದಿಗೆ ಒಬ್ಬರಂಗ ಸಹಿ ಹಾಕಿ ಕೇಳ್ರಿ, ವಿಶೇಷ ಸಭಾ ಕರೀಲೇಬೇಕು. ನಾನೇ ಬರ್ತೀನಿ."

ಕಲ್ಲವಾಡಿಯಲ್ಲಿ ಓಟು ಇದ್ದವರು ಸಾವಿರದ ನಾನೂರು. ಎಂದರೆ ನೂರ ನಲವತ್ತು ಸಹಿ.

ಅರ್ಜಿ ಬರೆಸಲು ಕಲ್ಯಾಣಕ್ಕೆ ಹೋದಳು. ಸರಿತಾ ಬರೆಯುತ್ತಿರುವಾಗ ಅಳಿಯ ಸಂಘರತ್ನ ಟಿವಿ ಹಚ್ಚಿದ್ದ. ದೂರದ ಯಾವುದೋ ದೇಶದ ಅಧ್ಯಕ್ಷ ಯಾರನ್ನೂ ಕೇಳದೆ ಹುಕುಂ ಮೇಲೆ ಹುಕುಂ ಹೊರಡಿಸುತ್ತಿದ್ದಾನೆಂದು, ಅಲ್ಲಿಯ ಮಂದಿ ಬೀದಿಗೆ ಬಂದಿದ್ದಾರೆಂದು ಸುದ್ದಿ. ದ್ರೌಪತಿ ಸ್ವಲ್ಪ ಹೊತ್ತು ನೋಡಿದಳು.

"ಆ ಊರಾಗೂ ಮೊದಲು ಗಟಾರ ಕಟ್ಟಿಸಿದ್ನೇನೋ" ಎಂದಳು.

"ಅವ್ವಾ, ಅದು ದೊಡ್ಡ ದೇಶ" ಎಂದಳು ಸರಿತಾ.

"ದೇಶ ದೊಡ್ಡದಿದ್ರ ಹೂಂ ಅಂದವ್ರೂ ಭಾಳ ಇರ್ತಾರ. ನೀ ಬರಿ."

ಸಹಿ ಕೂಡಿಸುವುದು ಕಸ ತೆಗೆದಷ್ಟು ಸುಲಭವಿರಲಿಲ್ಲ. ಹತ್ತು ದಿನ ಮನೆಮನೆ ತಿರುಗಿದಳು. "ದೀಪ ಹಾಕ್ಸಿದವನ ಮ್ಯಾಲ ಯಾಕವ್ವ?" ಎಂದರು ಕೆಲವರು. "ಒಬ್ಬರ ಕೈಯಾಗ ಇದ್ರ ಕೆಲಸ ಜಲ್ದಿ ಆಗ್ತಾವ" ಎಂದರು ಹಲವರು. ಕಿರಾಣಿ ಅಂಗಡಿಯ ನಸೀರ್, "ಅಕ್ಕಾ, ನಾ ಅಧ್ಯಕ್ಷರ ಮನಿಗೆ ಸಾಮಾನ ಕೊಡವ. ನನ್ನ ಹೆಸರು ಬ್ಯಾಡ" ಎಂದು ಕೈಮುಗಿದ.

"ದೀಪ ಯಾರೂ ಕಿತ್ತುಕೋ ಅನ್ನಾಕತ್ತಿಲ್ಲ. ನಾಳೆ ನಿನ್ನ ಅಂಗಡಿ ಜಾಗ ಊರಿಂದು ಅಂತ ಅವನೊಬ್ಬನೇ ಬರದ್ರ ನೀ ಯಾರ ಮುಂದ ಹೋಗಿ ಅಳ್ತೀ? ಅಳಾಕರ ಒಂದು ಸಭಾ ಇರಲಿ ಅಂತೀನಿ" ಎಂದಳು ದ್ರೌಪತಿ. ನಸೀರ್ ಎರಡು ದಿನ ಬಿಟ್ಟು ತಾನೇ ಬಂದು ಸಹಿ ಹಾಕಿದ. ಹೆಂಡತಿಯದನ್ನೂ ಹಾಕಿಸಿದ.

ಎಲ್ಲಕ್ಕಿಂತ ಮೊದಲ ಸಹಿ ಹಜಿರಾ ಬೀಯದು. ಅವಳ ಮನೆಯ ಮುಂದೆ ಹೋಗಿ ದ್ರೌಪತಿ, "ಬೀ, ನನ್ನ ತಪ್ಪು ನಾ ತೊಳೀತೀನಿ. ನೀ ಮಾತಾಡ್ಸು ಅನ್ನಂಗಿಲ್ಲ. ಹೆಬ್ಬೆಟ್ಟು ಒತ್ತು ಸಾಕು" ಎಂದಿದ್ದಳು. ಹಜಿರಾ ಬೀ ಹೆಬ್ಬೆಟ್ಟು ಒತ್ತಿ, ಮಸಿಯನ್ನು ದ್ರೌಪತಿಯ ಸೆರಗಿಗೇ ಒರೆಸಿದಳು. ಆ ಕಲೆ ಇನ್ನೂ ಆ ಸೀರೆಯಲ್ಲಿದೆ.

ಕೊನೆಗೆ ಲಲಿತಾಬಾಯಿಯ ದೊಡ್ಡ ಮನೆಗೂ ಹೋದಳು. ಲಲಿತಾಬಾಯಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು.

"ಮಗನ ವಿರುದ್ಧ ತಾಯಿ ಸಹಿ ಕೇಳಾಕ ಬಂದೀಯಾ? ಧೈರ್ಯ ಅದ ನಿಂದು" ಎಂದರು.

"ಮಗನ ವಿರುದ್ಧ ಅಲ್ರಿ ಬಾಯಾರ. ಠರಾವಿನ ವಿರುದ್ಧ."

ಲಲಿತಾಬಾಯಿ ಬೇಳೆಯ ಹರಳು ಆರಿಸಿ ಎಸೆದರು. "ಸಹಿ ಹಾಕಂಗಿಲ್ಲ. ಹೊಟ್ಟೀಲಿ ಹುಟ್ಟ್ಯಾನ." ಇನ್ನೊಂದು ಹಿಡಿ ಬೇಳೆ ಮೊರಕ್ಕೆ ಸುರಿದುಕೊಂಡು ತಾವೇ ಮಾತು ತೆಗೆದರು. "ಸಣ್ಣವ ಇದ್ದಾಗ ಇವಗ ತಾನೇ ಕಥಿ ಹೇಳೂ ಹುಚ್ಚು. ನಾ ಕೆಲಸದಾಗ ಹೂಂ ಅನ್ನೂದು ಮರತ್ರ ಅಲ್ಲೇ ನಿಂತುಬಿಡ್ತಿದ್ದ. ಒಂದು ಅಕ್ಷರ ಮುಂದ ಹೋಗ್ತಿದ್ದಿಲ್ಲ. ಈಗೂ ಹಂಗೇ ಅದಾನ." ದ್ರೌಪತಿಯ ಮುಖ ನೋಡಲಿಲ್ಲ. "ಚಹಾ ಕುಡದು ಹೋಗು" ಎಂದರು.

ದ್ರೌಪತಿ ಚಹಾ ಕುಡಿದು ಎದ್ದಳು. ತನಗೆ ಸಹಿಗಿಂತ ದೊಡ್ಡದೇ ಸಿಕ್ಕಿದೆ ಎಂದು ಗೇಟು ದಾಟುವಾಗ ತಿಳಿಯಿತು.

ನೂರ ಐವತ್ತೆರಡು ಸಹಿ ಹುಮನಾಬಾದಿಗೆ ಹೋದವು. ವಿಶೇಷ ಸಭೆಯ ದಿನ ಶಾಮಿಯಾನ ಇರಲಿಲ್ಲ, ಸುಸಲಾ ಇರಲಿಲ್ಲ, ಆದರೆ ಶಾಲೆಯ ಅಂಗಳ ಹಿಂದೆಂದೂ ಅಷ್ಟು ತುಂಬಿರಲಿಲ್ಲ. ದ್ರೌಪತಿ ಹೆಂಗಸರಿಗೆಲ್ಲ ಒಂದೇ ಮಾತು ಹೇಳಿಟ್ಟಿದ್ದಳು. ಬೈಯಬ್ಯಾಡ್ರಿ, ಎದ್ದು ಹೋಗಬ್ಯಾಡ್ರಿ, ಹೂಂ ಮಾತ್ರ ಅನ್ನಬ್ಯಾಡ್ರಿ. ಎಲೆ ಅಡಿಕೆ ಹಾಕಿಕೊಂಡು ಬಾಯಿ ಮುಚ್ಚಿ ಕೂಡ್ರಿ.

ಮಯೂರಿ ಒಂದು ಬದಿಗೆ ಕೂತಳು. ಗುರುನಾಥ ಮೈಕು ಹಿಡಿದ. ಜನ ನೋಡಿ ಉತ್ಸಾಹ ಬಂದಿತ್ತು.

"ಒಂದೂರಾಗ ಬಾವಿ ತೋಡಬೇಕಾಗಿತ್ತು ಅನ್ಕೋರಿ" ಎಂದ.

ಯಾರೂ ಉಸಿರೆತ್ತಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ.

"ಹತ್ತು ಮಂದಿ ಹತ್ತು ಜಾಗ ತೋರಿಸಿದ್ರು..." ಅವನು ನಿಲ್ಲಿಸಿದ. ಹೂಂ ಬೀಳಬೇಕಾದ ಜಾಗ ಖಾಲಿ ಉಳಿಯಿತು. ಮೈಕು ತಟ್ಟಿ ನೋಡಿದ. "ಕೇಳಾಕತ್ತದೇನು ಹಿಂದಿನವ್ರಿಗೆ?" ಹಿಂದಿನವರು ತಲೆ ಆಡಿಸಿದರು, ಬಾಯಿ ತೆರೆಯಲಿಲ್ಲ. "ಹತ್ತು ವರ್ಷ ಆದ್ರೂ..." ನೀರು ಕುಡಿದ. ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ತಾಯಿಯ ಕಡೆ ಅವನ ಕಣ್ಣು ಹೋಯಿತು. ಲಲಿತಾಬಾಯಿ ಸೆರಗಿನ ಅಂಚು ನೋಡುತ್ತಿದ್ದರು.

"ಮಾತಾಡ್ರಲ್ಲ ಯಾರಾದ್ರೂ" ಎಂದ ಗುರುನಾಥ. ಆ ದನಿಯಲ್ಲಿ ಅಧ್ಯಕ್ಷನಿರಲಿಲ್ಲ.

ಆಗ ದ್ರೌಪತಿ ಎದ್ದಳು. ಜೀವನದಲ್ಲಿ ಅಷ್ಟು ಜನರ ಮುಂದೆ ನಿಂತವಳಲ್ಲ. ಹಜಿರಾ ಬೀ ಕೆಳಗೆ ಕೂತಲ್ಲಿಂದಲೇ ಅವಳ ಸೀರೆಯ ನೆರಿಗೆ ಹಿಡಿದುಕೊಂಡಳು.

"ಅಧ್ಯಕ್ಷರ, ಕಥಿ ಅರ್ಧಕ್ಕ ಬಿಡಬ್ಯಾಡ್ರಿ. ಆ ಗಂಡಸು ಗುದ್ದಲಿ ಹಿಡದ, ಮೂರು ದಿನದಾಗ ನೀರು ಬಂತು. ಆತು. ನೀರು ಬಂದ ಮ್ಯಾಲ ಹಗ್ಗ ಯಾರ ಕೈಯಾಗ ಇತ್ರಿ?"

ಗುರುನಾಥ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನಮ್ಮ ಕೇರಿಯವರಿಗೆ ಈ ಪ್ರಶ್ನೆ ಹೊಸದಲ್ರಿ. ಬಾವಿ ಇದ್ವು, ನೀರೂ ಇತ್ತು. ಹಗ್ಗ ಮಾತ್ರ ಬ್ಯಾರೆಯವರ ಕೈಯಾಗ. ನಮ್ಮಜ್ಜಿ ಧೂಳಮ್ಮ ಕೊಡ ಹಿಡಕೊಂಡು ದೂರ ನಿಂದರ್ತಿದ್ಳು, ಯಾರರ ನೀರು ಸುರುವಲಿ ಅಂತ. ನೀವು ಗಟಾರ ಕಟ್ಸೀರಿ, ದೀಪ ಹಾಕ್ಸೀರಿ. ಯಾರೂ ಇಲ್ಲ ಅನ್ನಂಗಿಲ್ಲ. ಆದ್ರ ಹಗ್ಗ ಊರ ಕೈಯಾಗ ಇರಲಿ. ನಾ ಅವತ್ತು ಹೂಂ ಅಂದಿದ್ದು ಕೇಳಾಕತ್ತೀನಿ ಅಂತ. ಕೇಳೂದು ಬ್ಯಾರೆ, ಒಪ್ಪೂದು ಬ್ಯಾರೆ. ನನ್ನ ಹೂಂ ನಾ ವಾಪಸ್ ತಗೊಂಡೀನಿ."

"ನಂದೂ" ಎಂದಳು ಹಿಂದಿನಿಂದ ಒಬ್ಬಳು. "ನಮ್ಮತ್ತಿದೂ" ಎಂದಳು ಅವಳ ಸೊಸೆ. ಅತ್ತೆ, "ನಂದು ನಾ ಹೇಳ್ತೀನಿ, ನೀ ಸುಮ್ಕಿರು" ಎಂದಾಗ ಅಂಗಳವೆಲ್ಲ ನಕ್ಕಿತು. ಗುರುನಾಥನ ತುಟಿಯ ಅಂಚೂ ಅಲುಗಿತು.

ಮಯೂರಿ ಎದ್ದು, ಹೂಂ ಬೇಡ, ಕೈ ಎತ್ತಿರಿ ಎಂದಳು. ಠರಾವು ಉಳಿಯಲಿ ಎಂದವರು ನಲವತ್ತೊಂದು. ಅಳಿಸಲಿ ಎಂದವರನ್ನು ಕಾರ್ಯದರ್ಶಿ ಎರಡು ಸಲ ಎಣಿಸಿದ. ಇನ್ನೂರ ಹನ್ನೆರಡು. ಮೂಲೆಯ ಕುರ್ಚಿಯಲ್ಲಿದ್ದ ಲಲಿತಾಬಾಯಿಯ ಕೈ ಆ ಕಡೆಗೂ ಏಳಲಿಲ್ಲ, ಈ ಕಡೆಗೂ ಏಳಲಿಲ್ಲ.

ಮನೆಯ ಪಟ್ಟಿಗೆ ಹಜಿರಾ ಬೀಯ ಹೆಸರನ್ನು ಆ ದಿನವೇ ಸಭೆಯೇ ಮತ್ತೆ ಆರಿಸಿತು. ಪುಸ್ತಕದಲ್ಲಿ ಹಳೆಯ ಠರಾವಿಗೆ ಗೀಟು ಎಳೆದರು. ಅದರ ಕೆಳಗೆ, ಈ ಊರಿನಲ್ಲಿ ಕೈ ಎಣಿಸದೆ ಯಾವ ಠರಾವೂ ಇಲ್ಲ ಎಂದು ಹೊಸದು ಬರೆದರು. ಅನುಮೋದಿಸಿದವರ ಜಾಗಕ್ಕೆ ಬಂದಾಗ ಕಾರ್ಯದರ್ಶಿ ಪೆನ್ನು ಎತ್ತಿ ದ್ರೌಪತಿಯ ಮುಖ ನೋಡಿದ. ಅವಳು ಪೆನ್ನನ್ನು ತನ್ನ ಕೈಗೇ ತೆಗೆದುಕೊಂಡಳು. ದ್ರೌ ಅಕ್ಷರ ಅಂದು ಸೊಟ್ಟ ಬಂತು. ಆದರೆ ಈ ಸಲ ಯಾತಕ್ಕೆ ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

ಗುರುನಾಥ ಅಧ್ಯಕ್ಷನಾಗಿಯೇ ಉಳಿದ. ಉಳಿಯಬಾರದೆಂದು ಯಾರೂ ಅಂದಿರಲಿಲ್ಲ. ಎರಡು ವಾರ ದ್ರೌಪತಿಯನ್ನು ಕಂಡರೆ ಮುಖ ತಿರುಗಿಸಿದ. ಆಮೇಲೆ ಅದೂ ಹೋಯಿತು. ಹಜಿರಾ ಬೀಯ ಮನೆಯ ಗೋಡೆ ಕಿಟಕಿಯ ಎತ್ತರಕ್ಕೆ ಬಂದಾಗ ತಾನೇ ನೋಡಲು ಬಂದು, "ಇಟ್ಟಂಗಿ ಚಲೋ ಹಾಕ್ಯಾರ" ಎಂದು ಹೋದ. ಹಜಿರಾ ಬೀ ಈಗ ಕಸ ತೆಗೆಯಲು ಮತ್ತೆ ಪಕ್ಕದ ಸಾಲನ್ನೇ ಹಿಡಿಯುತ್ತಾಳೆ. "ನಿನ್ನ ಹೂಂಗ ಈಗ ಸರಕಾರದ ಸಿಕ್ಕಾ ಬಿದ್ದದ. ಜರಾ ಸಂಭಾಳಿಸಿ ಅನ್ನು" ಎಂದು ಚೇಷ್ಟೆ ಮಾಡುತ್ತಾಳೆ.

ಮುಂದಿನ ಗ್ರಾಮಸಭೆಯಲ್ಲಿ ಗುರುನಾಥ ಹೊಸ ನಳದ ಸುದ್ದಿ ಹೇಳುತ್ತಿದ್ದ. ಎದುರು ಸಾಲಿನಿಂದ, ಹಳೆಯ ಅಭ್ಯಾಸದಂತೆ, ಸರಿಯಾದ ಜಾಗದಲ್ಲಿ ಒಂದು ಹೂಂ ಬಂತು. ಅವನು ಮಾತು ನಿಲ್ಲಿಸಿ ಮೈಕು ಕೆಳಗಿಳಿಸಿದ.

"ದ್ರೌಪತವ್ವ, ಇದು ಯಾವ ಹೂಂ?"

"ಕೇಳೂ ಹೂಂ ರೀ ಅಧ್ಯಕ್ಷರ. ಒಪ್ಪೂದು ಕೈಯಾಗ ಅದ. ನೀವು ಮುಂದ ಹೇಳ್ರಿ."

ಅವನು ಮುಂದೆ ಹೇಳಿದ.